ಕುರಿ, ಕಂಬಳಿ ಮತ್ತು ಸರ್ಕಾರದ ಸಹಾಯಧನ



ನನ್ನ ಬಾಲ್ಯದಲ್ಲಿ ದೊಡ್ಡಬಳ್ಳಾಪುರದ ಕಡೆಯ ಹಳ್ಳಿಗಳಲ್ಲಿ ಕಂಬಳಿಯಿಲ್ಲದ ಮನೆಯನ್ನು ನಾನು ಕಂಡದ್ದಿಲ್ಲ. ಮಳೆಗೆ ಕೊಪ್ಪೆ, ಚಳಿಗೆ ಹೊದಿಕೆ, ನೆಂಟರು ಬಂದರೆ ಹಾಸು, ದೇವರ ಕಾರ್ಯಕ್ಕೆ ಗದ್ದುಗೆ, ಎಲ್ಲವೂ ಅದೊಂದರಿಂದಲೇ ನಡೆಯುತ್ತಿದ್ದಿತು. ಕುರುಬರ ಹಟ್ಟಿಯಲ್ಲಿ ಗಂಡಸರು ಉಣ್ಣೆಯನ್ನು ಕತ್ತರಿಸುವರು, ಹೆಂಗಸರು ನೂಲುವರು. ಹಾಸಿನ ನೂಲಿಗೆ ಹುಣಸೆಬೀಜದ ಗಂಜಿಯನ್ನು ಬಳಿದು ಮಗ್ಗಕ್ಕೆ ಏರಿಸುವರು. ಈಚೆಗೆ ಆ ಕಡೆ ಹೋಗಿದ್ದಾಗ, ಕತ್ತರಿಸಿದ ಉಣ್ಣೆಯು ಬೇಲಿಯ ಮಗ್ಗುಲಲ್ಲಿ ಬಿದ್ದು ಮಳೆಯಲ್ಲಿ ನೆನೆಯುತ್ತಿದ್ದುದನ್ನು ನೋಡಿದೆನು.

ಕಾರಣವನ್ನು ಬಹು ದೂರ ಹುಡುಕಬೇಕಾಗಿಲ್ಲ. ನಮ್ಮ ಸೀಮೆಯ ಉಣ್ಣೆ ಒರಟಾದದ್ದು. ಗಿರಣಿಯವರು ಬಯಸುವುದು ಮೆರಿನೋ ಜಾತಿಯ ನಯವಾದ ಎಳೆಯನ್ನು. ಜನರು ಕೊಳ್ಳುವುದು ಪಾಣಿಪತ್ತಿನಿಂದ ಬರುವ ಅಗ್ಗದ ಹೊದಿಕೆಯನ್ನು. ಕತ್ತರಿಸುವವನ ಕೂಲಿಯೇ ಉಣ್ಣೆಯ ಬೆಲೆಯನ್ನು ಮೀರಿದ ಮೇಲೆ ಅದನ್ನು ಯಾರು ಹೊತ್ತು ಮಾರುತ್ತಾರೆ? ಎಳೆಯನ್ನು ನಯಗೊಳಿಸುವ ಯತ್ನವಂತೂ ಹಳೆಯದು. 1834ರಿಂದ 1861ರವರೆಗೆ ಮೈಸೂರಿನ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರ ಕಾಲದಲ್ಲಿಯೇ ಮೆರಿನೋ ಟಗರುಗಳನ್ನು ತರಿಸಿ ನಾಡಕುರಿಗಳೊಡನೆ ಕೂಡಿಸಿ ನೋಡಿದ್ದರು.

ಈಗ ಸರ್ಕಾರದ ಸಹಾಯವಿಲ್ಲವೆಂದು ನಾನು ಹೇಳುವುದಿಲ್ಲ. ಕುರಿ ಆಕಸ್ಮಿಕವಾಗಿ ಸತ್ತರೆ ಪರಿಹಾರ ಕೊಡತಕ್ಕ ‘ಅನುಗ್ರಹ’ ಯೋಜನೆಯನ್ನು 2023ರಲ್ಲಿ ಮತ್ತೆ ಜಾರಿಗೆ ತಂದು, ಕುರಿಯೊಂದಕ್ಕೆ 5,000 ರೂಪಾಯಿಗಳನ್ನು ಗೊತ್ತುಮಾಡಿದರು. ಬಡ ಕುರಿಗಾರನಿಗೆ ಅದು ದೊಡ್ಡ ಆಸರೆಯೇ ಸರಿ. ಆದರೂ ಒಬ್ಬ ಹಿರಿಯನು ನನ್ನನ್ನು ಕೇಳಿದ ಮಾತು ಮನಸ್ಸಿನಿಂದ ಹೋಗಿಲ್ಲ: “ಸತ್ತ ಕುರಿಗೆ ದುಡ್ಡು ಬರ್ತದೆ ಸ್ವಾಮಿ, ಬದುಕಿರೋ ಕುರಿ ಮೈಮೇಲಿನ ಉಣ್ಣೆಗೆ ಯಾರು ಕೊಡ್ತಾರೆ?” ಕುರಿ ಮತ್ತು ಉಣ್ಣೆ ಅಭಿವೃದ್ಧಿ ನಿಗಮವೆಂಬ ಹೆಸರಿನಲ್ಲಿ ಉಣ್ಣೆಯೂ ಉಂಟು, ಸಂಸಾರ ನಡೆಯುವುದು ಮಾತ್ರ ಮಾಂಸದ ಮೇಲೆ.

ಅಮೆರಿಕ ದೇಶದವರು ಬೇರೊಂದು ದಾರಿಯನ್ನು ಹಿಡಿದಿದ್ದರು. 1954ರ ಉಣ್ಣೆಯ ಕಾನೂನಿನಂತೆ, ಕುರಿಯ ಉಣ್ಣೆಗೂ ಅಂಗೋರಾ ಮೇಕೆಯ ಕೂದಲಾದ ಮೊಹೇರಿಗೂ ಸಹಾಯಧನ ಸಲ್ಲುತ್ತಿದ್ದಿತು. ಅದರ ಕ್ರಮವು ಗಮನಾರ್ಹವಾದದ್ದು: ರೈತನು ಪೇಟೆಯಲ್ಲಿ ಉಣ್ಣೆಗೆ ಪಡೆದ ಹಣದ ಮೇಲೆ ಸರ್ಕಾರವು ನೂರಕ್ಕೆ ಇಷ್ಟೆಂದು ಸೇರಿಸಿ ಕೊಡುತ್ತಿದ್ದಿತು. ಆದಕಾರಣ ಉಣ್ಣೆಯನ್ನು ಶುಚಿಯಾಗಿಟ್ಟು ಹೆಚ್ಚು ಬೆಲೆಗೆ ಮಾರಿದವನಿಗೆ ಹೆಚ್ಚು ಸಹಾಯ. ದೋಷವೂ ಅದರಲ್ಲಿಯೇ ಇದ್ದಿತು. ದೊಡ್ಡ ಹಿಂಡಿನವರೇ ಹಣದ ಬಹುಭಾಗವನ್ನು ಪಡೆದರು. 1993ರಲ್ಲಿ ಅದನ್ನು ನಿಲ್ಲಿಸಲು ಗೊತ್ತುಮಾಡಿ, 1995ರ ವೇಳೆಗೆ ಮುಗಿಸಿಬಿಟ್ಟರು.

ಇಂತಿಷ್ಟು ಕುರಿಗಳವರೆಗೆ ಎಂದು ಮಿತಿಯನ್ನು ಹಾಕಿ ನಾವು ಆ ಕ್ರಮವನ್ನು ಅನುಸರಿಸಬಾರದೇಕೆ? ಒರಟು ಉಣ್ಣೆ ಜಮಖಾನಕ್ಕೆ ಒದಗುತ್ತದೆ. ಕರಿಯದನ್ನು ಬಿಳಿಯದರಿಂದ ಬೇರ್ಪಡಿಸಿಟ್ಟರೆ ಬಣ್ಣ ಹಾಕುವ ಖರ್ಚೂ ಉಳಿಯುತ್ತದೆ. ಇಷ್ಟಾದರೂ ಮೇವಿನ ನೆಲ ಉಳಿಯಬೇಕೆಂಬುದು ಬೇರೆ ಮಾತು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣ ತೆರೆದಂದಿನಿಂದ ಆ ಸುತ್ತಿನ ಭೂಮಿಯ ಬೆಲೆ ಏನಾಗಿದೆಯೆಂಬುದನ್ನು ತಾವೇ ಬಲ್ಲಿರಿ.

ಘಾಟಿ ಸುಬ್ರಹ್ಮಣ್ಯದ ದನಗಳ ಜಾತ್ರೆಗೆ ಪ್ರತಿವರ್ಷವೂ ಸುತ್ತಣ ಸೀಮೆಯ ರೈತರು ಬಂದು ಸೇರುತ್ತಾರೆ. ಮೊದಲು ಆ ಜಾತ್ರೆಯಲ್ಲಿ ಸರ್ಕಾರದವರು ಉಣ್ಣೆಗೆಂದೇ ಒಂದು ತಕ್ಕಡಿಯನ್ನು ಇಟ್ಟು, ಕರಿಯದಕ್ಕೆ ಇಷ್ಟು, ಬಿಳಿಯದಕ್ಕೆ ಇಷ್ಟು ಎಂದು ಹಲಗೆಯ ಮೇಲೆ ಬರೆಸಲಿ.