ಹೋಟೆಲಿಗೆ ಹೋಗುವ ಹಾಲು, ಕೊಟ್ಟಿಗೆಗೆ ಬರುವ ಮುಸುರೆ

(ವಡ್ಡು ಗ್ರಾಮದಲ್ಲಿ ಸೇರಿದ್ದ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಮಾಡಿದ ಭಾಷಣದ ಬರಹರೂಪ)



ಇಂಥ ಸಭೆಗಳಲ್ಲಿ ಹಾಲಿನ ದರ, ಜಿಡ್ಡಿನ ಅಂಶ, ಪಶು ಆಹಾರದ ಬೆಲೆ ಇವುಗಳ ಬಗ್ಗೆ ಮಾತನಾಡುವುದು ವಾಡಿಕೆ. ಇಂದು ನಿಮ್ಮ ಕಾರ್ಯದರ್ಶಿಗಳು ನನಗೆ ಬೇರೆ ವಿಷಯ ಕೊಟ್ಟಿದ್ದಾರೆ. ಹೋಟೆಲು, ಅಂಗಡಿ, ವಸತಿಗೃಹಗಳಲ್ಲಿ ಈಗ ಪರಿಸರಕ್ಕೆ ಒಪ್ಪುವ ಹೊಸ ಪದ್ಧತಿಗಳು ಬರುತ್ತಿವೆ. ಅವುಗಳಿಂದ ಹಾಲು ಉತ್ಪಾದಕರಿಗೆ ಏನು ಲಾಭ, ಏನು ಅಪಾಯ ಎಂಬುದನ್ನು ತಿಳಿಸಬೇಕಂತೆ. ನಮಗೂ ಹೋಟೆಲಿಗೂ ಏನು ಸಂಬಂಧ ಎಂದು ನೀವು ಕೇಳಬಹುದು. ಸಂಬಂಧ ಬಹಳ ಹತ್ತಿರದ್ದು. ವಡ್ಡಿನ ಒಂದು ಪಕ್ಕಕ್ಕೆ ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಅದರ ಕ್ಯಾಂಟೀನುಗಳು. ಹೆದ್ದಾರಿ ಹಿಡಿದು ಹೊರಟರೆ ಹೊಸಪೇಟೆಯ ವಸತಿಗೃಹಗಳು, ಅದರಾಚೆ ಕಮಲಾಪುರ, ಹಂಪಿ. 1986ರಲ್ಲಿ ಹಂಪಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ದೇಶವಿದೇಶದ ಜನ ಇಲ್ಲಿಗೆ ಬರುತ್ತಿದ್ದಾರೆ. ಅವರು ಕುಡಿಯುವ ಕಾಫಿ, ಉಣ್ಣುವ ಮೊಸರು ಯಾವುದೋ ಕೊಟ್ಟಿಗೆಯಿಂದ ಬಂದದ್ದೇ ತಾನೆ?

ಬಂದವರು ಕೇಳುವುದೇನು?

ಮೊದಲು ದೊಡ್ಡ ಹೋಟೆಲೆಂದರೆ ದೂರದೂರಿನ ತಿಂಡಿ, ಡಬ್ಬದ ಹಣ್ಣು ಎಂಬ ಭಾವನೆ ಇತ್ತು. ಈಗ ಅನೇಕ ಪ್ರವಾಸಿಗರು ಈ ಊರಿನದೇ ಊಟ ಬೇಕು ಎನ್ನುತ್ತಾರೆ. ಜೋಳದ ರೊಟ್ಟಿ, ಬೆಣ್ಣೆ, ಗಟ್ಟಿ ಮೊಸರು, ಶೇಂಗಾ ಚಟ್ನಿಪುಡಿ, ಮಜ್ಜಿಗೆ ಕೇಳುತ್ತಾರೆ. ಇದು ಎಲ್ಲಿಂದ ಬಂತು, ಯಾರು ಮಾಡಿದರು ಎಂದೂ ವಿಚಾರಿಸುತ್ತಾರೆ. ಇದಕ್ಕೆ ಉತ್ತರ ಕೊಡಬಲ್ಲವರು ನಾವು. ನಮ್ಮ ಸಂಘದಲ್ಲಿ ಯಾರು ಎಷ್ಟು ಹಾಲು ಹಾಕಿದರು, ಅದರ ಜಿಡ್ಡು ಎಷ್ಟು ಎಂಬುದಕ್ಕೆ ದಿನಕ್ಕೆರಡು ಬಾರಿ ಲೆಕ್ಕವಿದೆ. ಇಷ್ಟು ಸ್ಪಷ್ಟವಾದ ಲೆಕ್ಕ ಬೇರೆ ಯಾವ ಅಡಿಗೆ ಸಾಮಾನಿಗೂ ಸಿಗುವುದು ಕಷ್ಟ.

ಇನ್ನೊಂದು ಮಾತು. ಸಸ್ಯದ ಎಣ್ಣೆಯಿಂದ ಮಾಡಿದ ಪದಾರ್ಥವನ್ನು ಪನೀರ್ ಎಂದು ಹೆಸರಿಟ್ಟು ಮಾರುವಂತಿಲ್ಲ ಎಂದು ಆಹಾರ ಸುರಕ್ಷತೆಯ ಕಾನೂನು ಹೇಳುತ್ತದೆ. ಆದರೂ ಅಂಥದ್ದು ಪೇಟೆಯಲ್ಲಿ ಓಡಾಡುತ್ತದೆ. ಒಂದು ಕಿಲೋ ನಿಜವಾದ ಪನೀರ್ ಮಾಡಲು ಸುಮಾರು 5ರಿಂದ 6 ಲೀಟರ್ ಹಸುವಿನ ಹಾಲು ಬೇಕು. ಹಾಗಾದರೆ ಒಂದು ಕಿಲೋ ನಕಲಿ ಮಾರಾಟವಾದಾಗ ಯಾವುದೋ ಮನೆಯ ಒಂದು ಹೊತ್ತಿನ ಹಾಲು ಮಾರಾಟವಾಗದೆ ಉಳಿಯಿತು ಎಂದೇ ಅರ್ಥ. ಪೇಟೆಯಲ್ಲಿ ಊಟಕ್ಕೆ ಕುಳಿತಾಗ ಇದು ಹಾಲಿನ ಪನೀರೇ ಎಂದು ಕೇಳಲು ನಾವೂ ಸಂಕೋಚಪಡಬಾರದು.

ಪ್ಯಾಕೆಟ್ಟಿನ ಲೆಕ್ಕ

ಒಂದು ಹೋಟೆಲಿಗೆ ದಿನಕ್ಕೆ 40 ಲೀಟರ್ ಹಾಲು ಬೇಕು ಎಂದಿಟ್ಟುಕೊಳ್ಳಿ. ಅರ್ಧ ಲೀಟರ್ ಪ್ಯಾಕೆಟ್ಟಿನಲ್ಲಿ ಕೊಂಡರೆ ದಿನಕ್ಕೆ 80 ಪ್ಯಾಕೆಟ್, ವರ್ಷಕ್ಕೆ 29,200. ಒಂದೇ ಹೋಟೆಲಿನ ಲೆಕ್ಕ ಇದು. ಅದೇ 40 ಲೀಟರ್ ಹಾಲು ಒಂದು ಕ್ಯಾನಿನಲ್ಲಿ ಹೋಗಿ, ಖಾಲಿ ಕ್ಯಾನು ಮರುದಿನ ತೊಳೆಯಲು ಹಿಂದಿರುಗಿದರೆ ಒಂದು ಚೂರು ಪ್ಲಾಸ್ಟಿಕ್ಕೂ ಬೀದಿಗೆ ಬೀಳುವುದಿಲ್ಲ. ಇದು ಆಗದ ಮಾತಲ್ಲ. ದೆಹಲಿಯಲ್ಲಿ ಮದರ್ ಡೈರಿ 1974ರಲ್ಲಿ ಆರಂಭವಾಯಿತು. ಅಲ್ಲಿ ಜನ ಮನೆಯಿಂದ ಪಾತ್ರೆ ತಂದು, ಟೋಕನ್ ಹಾಕಿ, ಯಂತ್ರದಿಂದ ಶೀತಲೀಕರಿಸಿದ ಹಾಲು ಹಿಡಿದುಕೊಂಡು ಹೋಗುವ ಪದ್ಧತಿ ಬೆಳೆಯಿತು.

ಕರ್ನಾಟಕ ಸರ್ಕಾರ 2016ರಲ್ಲಿ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿದಾಗ ಹಾಲಿನ ಪ್ಯಾಕೆಟ್ಟಿಗೆ ವಿನಾಯಿತಿ ಕೊಟ್ಟಿತು. ಕೇಂದ್ರ ಸರ್ಕಾರ 2022ರ ಜುಲೈ 1ರಿಂದ ಒಮ್ಮೆ ಬಳಸಿ ಎಸೆಯುವ ಅನೇಕ ಪ್ಲಾಸ್ಟಿಕ್ ವಸ್ತುಗಳನ್ನು ನಿಷೇಧಿಸಿದೆ. ನಮಗೆ ವಿನಾಯಿತಿ ಕೊಟ್ಟಿದ್ದು ಹಾಲು ಕೆಡದೆ ಜನರಿಗೆ ತಲುಪಲಿ ಎಂಬ ಕಾರಣಕ್ಕೆ. ವಿನಾಯಿತಿ ಪಡೆದವರಿಗೆ ಜವಾಬ್ದಾರಿಯೂ ಹೆಚ್ಚು. ಹೋಟೆಲುಗಳಿಗೆ, ಕ್ಯಾಂಟೀನುಗಳಿಗೆ ಶೀತಲೀಕರಿಸಿದ ಹಾಲನ್ನು ಕ್ಯಾನಿನಲ್ಲಿ ಕೊಡಲು ಸಾಧ್ಯವೇ ಎಂದು ಒಕ್ಕೂಟದ ಮುಂದೆ ನಾವು ಬೇಡಿಕೆ ಇಡಬೇಕು. ಮನೆಯಲ್ಲಿಯೂ ಪ್ಯಾಕೆಟ್ ಕತ್ತರಿಸುವಾಗ ಮೂಲೆಯ ಚೂರು ಬೇರೆಯಾಗದಂತೆ ಕತ್ತರಿಸಿರಿ. ದೊಡ್ಡ ಕವರನ್ನು ಹಳೆ ಸಾಮಾನಿನವರು ಒಯ್ಯುತ್ತಾರೆ, ಆ ಚಿಕ್ಕ ಚೂರನ್ನು ಯಾರೂ ಹೆಕ್ಕುವುದಿಲ್ಲ.

ಪ್ಲಾಸ್ಟಿಕ್ಕಿನ ಬಗ್ಗೆ ನಾನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ನಿಮಗೆ ಗೊತ್ತಿದೆ. ದನದ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳಿವೆ. ಮೊದಲನೆಯ ದೊಡ್ಡ ಚೀಲದಲ್ಲಿ ಸೇರಿದ ಪ್ಲಾಸ್ಟಿಕ್ ಕರಗುವುದಿಲ್ಲ, ಸುಲಭವಾಗಿ ಮುಂದಕ್ಕೂ ಹೋಗುವುದಿಲ್ಲ. ಹಗ್ಗದ ಉಂಡೆಯಂತೆ ಬೆಳೆಯುತ್ತದೆ. ಮೇವಿಗೆ ಜಾಗವಿಲ್ಲದೆ ಹಸು ಸೊರಗುತ್ತದೆ, ಹಾಲು ಇಳಿಯುತ್ತದೆ, ಗಬ್ಬ ನಿಲ್ಲುವುದು ಕಷ್ಟವಾಗುತ್ತದೆ. ನಾನು ಸೇವೆಯಲ್ಲಿದ್ದಾಗ ಇಂಥ ಹಸುಗಳ ಹೊಟ್ಟೆ ಕೊಯ್ದು ಬುಟ್ಟಿಗಟ್ಟಲೆ ಪ್ಲಾಸ್ಟಿಕ್ ತೆಗೆದಿದ್ದೇನೆ. ಅದರೊಳಗೆ ಹಾಲಿನ ಪ್ಯಾಕೆಟ್ಟೂ ಇರುತ್ತಿತ್ತು. ಹಸು ಕೊಟ್ಟ ಹಾಲನ್ನು ತುಂಬಿದ ಕವರು ಹಸುವಿನ ಹೊಟ್ಟೆಗೇ ಸೇರುವುದಕ್ಕಿಂತ ದುಃಖದ ಸಂಗತಿ ಇನ್ನೇನಿದೆ?

ಮುಸುರೆ ಅಮೃತವೂ ಹೌದು, ವಿಷವೂ ಹೌದು

ವಿಶ್ವಸಂಸ್ಥೆಯ ಒಂದು ವರದಿಯ ಪ್ರಕಾರ 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಹೋಟೆಲು, ಕ್ಯಾಂಟೀನುಗಳ ಪಾಲು ಸುಮಾರು 29 ಕೋಟಿ ಟನ್. ಆದ್ದರಿಂದ ಈಗ ಹೋಟೆಲಿನವರು ಉಳಿದದ್ದನ್ನು ಚರಂಡಿಗೆ ಎಸೆಯದೆ ದನಕ್ಕೆ ಕೊಡಲು ಮುಂದಾಗುತ್ತಿದ್ದಾರೆ. ಇದು ಒಳ್ಳೆಯ ಬುದ್ಧಿ. ನಮ್ಮ ಹಿರಿಯರು ಅಕ್ಕಿ ತೊಳೆದ ಕಲಗಚ್ಚು ಸಹ ಚೆಲ್ಲುತ್ತಿರಲಿಲ್ಲ. ಆದರೆ ಮನೆಯ ಕಲಗಚ್ಚು ಬೇರೆ, ಮದುವೆ ಛತ್ರದ ಅಥವಾ ಹೋಟೆಲಿನ ಡ್ರಮ್ಮು ಬೇರೆ.

ಬಿಟ್ಟಿ ಸಿಕ್ಕಿತೆಂದು ಬಕೆಟ್ಟುಗಟ್ಟಲೆ ಅನ್ನ ಇಟ್ಟರೆ ಹಸುವಿನ ಹೊಟ್ಟೆ ಹುಳಿಯಾಗುತ್ತದೆ. ಮೇವು ಬಿಡುತ್ತದೆ, ಮೆಲುಕು ನಿಲ್ಲುತ್ತದೆ, ಹುಳಿ ವಾಸನೆಯ ಭೇದಿ ಆಗುತ್ತದೆ, ಹಸು ನೆಲ ಹಿಡಿಯುತ್ತದೆ. ತಡಮಾಡಿದರೆ ಒಂದೆರಡು ದಿನದಲ್ಲಿ ಪ್ರಾಣವೇ ಹೋಗಬಹುದು. ಸಾಲ ಮಾಡಿ ತಂದ ಹಸು ಹಬ್ಬದ ಅನ್ನ ತಿಂದು ಸತ್ತರೆ ಸಾಲದ ಕಂತು ಮಾತ್ರ ಉಳಿಯುತ್ತದೆ. ಆದ್ದರಿಂದ ಈ ಕೆಳಗಿನ ಮಾತುಗಳನ್ನು ದಯವಿಟ್ಟು ನೆನಪಿಡಿ:

1. ತರಕಾರಿ ಸಿಪ್ಪೆ, ಸೊಪ್ಪಿನ ದಂಟು, ಹೂಕೋಸಿನ ಎಲೆ, ಬಾಳೆ ಎಲೆ ಇವನ್ನು ಕೊಡಬಹುದು. ಕೊಳೆತಿರಬಾರದು, ಬೂಸ್ಟು ಬಂದಿರಬಾರದು. ಒಣ ಮೇವಿನ ಜೊತೆಗೆ ಸ್ವಲ್ಪ ಸ್ವಲ್ಪವಾಗಿ ಅಭ್ಯಾಸ ಮಾಡಿಸಬೇಕು.

2. ಅನ್ನ, ಹಿಟ್ಟು, ಸಿಹಿ ತಿಂಡಿ ಒಮ್ಮೆಲೇ ಹೆಚ್ಚು ಕೊಡಬಾರದು. ಹಸು ಕದ್ದು ತಿಂದಿದ್ದರೆ ರೋಗಲಕ್ಷಣಕ್ಕೆ ಕಾಯದೆ ಪಶುವೈದ್ಯರನ್ನು ಕರೆಯಿರಿ.

3. ಮಾಂಸ, ಮೂಳೆ ಬೆರೆತ ಮುಸುರೆಯನ್ನು ದನಕ್ಕೆ ಎಂದೂ ಹಾಕಬಾರದು. 2001ರಲ್ಲಿ ಬ್ರಿಟನ್ನಿನಲ್ಲಿ ಸರಿಯಾಗಿ ಕುದಿಸದ ಮುಸುರೆಯನ್ನು ಹಂದಿಗಳಿಗೆ ಹಾಕಿದ್ದರಿಂದ ಕಾಲುಬಾಯಿ ರೋಗ ಹಬ್ಬಿತೆಂದು ತನಿಖೆಯಲ್ಲಿ ಕಂಡುಬಂತು. 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಲ್ಲಬೇಕಾಯಿತು.

4. ಹಲ್ಲುಕಡ್ಡಿ, ಪಿನ್ನು, ತಂತಿ, ಪ್ಲಾಸ್ಟಿಕ್ ಬೆರೆತ ಡ್ರಮ್ಮನ್ನು ಮುಟ್ಟಬೇಡಿ. ಚೂಪಾದ ತಂತಿ ಹೊಟ್ಟೆಯ ಗೋಡೆ ದಾಟಿ ಹೃದಯಕ್ಕೆ ಚುಚ್ಚುವುದುಂಟು. ಅಡಿಗೆಮನೆಯಲ್ಲಿಯೇ ಎರಡು ಡಬ್ಬ ಇಟ್ಟು, ಹಸಿ ಸಿಪ್ಪೆಯನ್ನು ಬೇರೆ ಮಾಡಿಕೊಡುವ ಹೋಟೆಲಿನಿಂದ ಮಾತ್ರ ತರಬೇಕು.

ಎಲೆ ಊಟದ ಮಾತು ಬಂದಾಗ ಹಂಪಿಯ ಭೋಜನಶಾಲೆ ನೆನಪಾಗುತ್ತದೆ. ನೀರಿನ ಕಾಲುವೆಯ ಎರಡೂ ಬದಿಗೆ ಕಲ್ಲಿನಲ್ಲಿ ಕೊರೆದ ತಟ್ಟೆಗಳು, ಪಲ್ಯ ಸಾರುಗಳಿಗೆ ಬೇರೆ ಬೇರೆ ಗುಳಿಗಳು. ಉಂಡ ಮೇಲೆ ತೊಳೆದರೆ ಮುಗಿಯಿತು, ಎಸೆಯುವ ಮಾತೇ ಇಲ್ಲ. ನಮಗೆ ಕಲ್ಲಿನ ತಟ್ಟೆ ಬೇಡ. ಕಮಲಾಪುರ, ಕಂಪ್ಲಿಯ ಕಡೆ ಬಾಳೆ ತೋಟಗಳಿವೆ. ಉಂಡ ಎಲೆ ಕೊಟ್ಟಿಗೆಗೆ ಅಥವಾ ತಿಪ್ಪೆಗೆ ಹೋಗುತ್ತದೆ. ತಿಪ್ಪೆಯ ಗೊಬ್ಬರ ಮತ್ತೆ ತೋಟಕ್ಕೆ. ಪಟ್ಟಣದವರು ಹೊಸದೆಂದು ಹೇಳುವ ಪದ್ಧತಿಯ ಬಹುಪಾಲು ಇಷ್ಟೇ.

ಒಂದು ಎಚ್ಚರಿಕೆಯ ಮಾತು

ಕೊನೆಗೆ, ಕೆಲವರಿಗೆ ಹಿಡಿಸದಿದ್ದರೂ ಹೇಳಲೇಬೇಕಾದ ಮಾತೊಂದಿದೆ. ಊರ ಹಾಲು ಬೇಕೆಂಬ ಬೇಡಿಕೆ ಹೆಚ್ಚಿದಂತೆ ಹೋಟೆಲಿನವರು ನೇರವಾಗಿ ನಿಮ್ಮ ಮನೆ ಬಾಗಿಲಿಗೆ ಬರುತ್ತಾರೆ. ಲೀಟರಿಗೆ ಸಂಘಕ್ಕಿಂತ ನಾಲ್ಕು ರೂಪಾಯಿ ಹೆಚ್ಚು ಕೊಡುತ್ತೇವೆ ಎನ್ನುತ್ತಾರೆ. ಆಸೆ ಆಗುವುದು ಸಹಜ. ಆದರೆ ಹಂಪಿಗೆ ಜನ ಬರುವುದು ಹೆಚ್ಚಾಗಿ ಚಳಿಗಾಲದಲ್ಲಿ. ಬಿಸಿಲು ಏರಿದರೆ ಕೋಣೆಗಳು ಖಾಲಿ, ಅಡಿಗೆಮನೆ ತಣ್ಣಗೆ. 2020ರಲ್ಲಿ ಕೊರೋನಾ ಬಂದು ಎಲ್ಲ ಬಂದ್ ಆದಾಗ ಹೋಟೆಲುಗಳು ಬಾಗಿಲು ಹಾಕಿದವು. ಹಸು ಮಾತ್ರ ಬೆಳಿಗ್ಗೆ ಸಂಜೆ ಹಾಲು ಕೊಡುವುದನ್ನು ನಿಲ್ಲಿಸಲಿಲ್ಲ. ಹೋಟೆಲು ಅತಿಥಿ ಬಂದಾಗ ಹಾಲು ಕೊಳ್ಳುತ್ತದೆ. ಸಂಘ ಹಸು ಕರೆದಾಗ ಹಾಲು ಕೊಳ್ಳುತ್ತದೆ. ಈ ವ್ಯತ್ಯಾಸವನ್ನು ಮರೆಯಬೇಡಿ.

ಒಳ್ಳೆಯ ಸೀಸನ್ನಿನಲ್ಲಿ ಅರ್ಧ ಊರು ಹೊರಗೆ ಹಾಲು ಹಾಕಿದರೆ ಸಂಘದ ಶೀತಲೀಕರಣ ಘಟಕ ಅರ್ಧ ಖಾಲಿ ಓಡುತ್ತದೆ. ವಿದ್ಯುತ್ ಖರ್ಚು ಮಾತ್ರ ಅಷ್ಟೇ ಇರುತ್ತದೆ. ಆ ನಷ್ಟ ಬೀಳುವುದು ಒಂದೇ ಎಮ್ಮೆ ಕಟ್ಟಿಕೊಂಡು ಸಂಘವನ್ನೇ ನಂಬಿದ ವಿಧವೆ ತಾಯಿಯ ಮೇಲೆ. ಹೋಟೆಲಿನವರು ಬಂದರೆ ಅವರನ್ನು ಗದರಿಸಿ ಕಳಿಸಬೇಡಿ. ಸಂಘದ ಕಾರ್ಯದರ್ಶಿಗಳ ಬಳಿ ಕರೆದುಕೊಂಡು ಬನ್ನಿ. ಸಂಘ ಒಕ್ಕೂಟಕ್ಕೆ ಬರೆಯಲಿ, ಒಕ್ಕೂಟ ಅವರೊಂದಿಗೆ ವರ್ಷದ ಒಪ್ಪಂದ ಮಾಡಿಕೊಳ್ಳಲಿ. ಹೆಚ್ಚಿನ ದರ ಸಿಕ್ಕರೆ ಬೋನಸ್ಸಿನ ರೂಪದಲ್ಲಿ ಎಲ್ಲರಿಗೂ ಹಂಚಿಕೆಯಾಗಲಿ.

ಅಂಥ ಒಪ್ಪಂದ ಉಳಿಯುವುದು ಹಾಲಿನ ಗುಣಮಟ್ಟದಿಂದ. ಕೆಚ್ಚಲು ತೊಳೆದು ಒರೆಸಿ ಕರೆಯಿರಿ. ಪ್ಲಾಸ್ಟಿಕ್ ಬಕೆಟ್ಟಿನ ಬದಲು ಸ್ಟೀಲ್ ಪಾತ್ರೆ ಬಳಸಿರಿ. ಕರೆದ ಹಾಲನ್ನು ತಡಮಾಡದೆ ಸಂಘಕ್ಕೆ ತನ್ನಿರಿ. 4 ಡಿಗ್ರಿಗೆ ತಣಿಸುವ ತನಕ ಹಾಲಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತಲೇ ಇರುತ್ತವೆ. ಕೆಚ್ಚಲು ಬಾವಿಗೆ ಔಷಧಿ ಕೊಡಿಸಿದ್ದರೆ ವೈದ್ಯರು ಹೇಳಿದಷ್ಟು ದಿನ ಆ ಹಾಲನ್ನು ಸಂಘಕ್ಕೆ ಹಾಕಬೇಡಿ.

ಬಂಧುಗಳೇ, ನಮ್ಮ ಹಾಲು ಹೋಟೆಲಿಗೆ ಹೋಗಲಿ, ಸಂಘದ ಮೂಲಕ ಹೋಗಲಿ. ಹೋಟೆಲಿನ ಹಸಿರು ಸಿಪ್ಪೆ ನಮ್ಮ ಕೊಟ್ಟಿಗೆಗೆ ಬರಲಿ, ಆರಿಸಿ ಬರಲಿ. ಪ್ಲಾಸ್ಟಿಕ್ ಮಾತ್ರ ಎರಡೂ ಕಡೆಯಿಂದ ದೂರವಿರಲಿ. ಮುಂದಿನ ಆಡಳಿತ ಮಂಡಳಿ ಸಭೆಯಲ್ಲಿ ಕ್ಯಾನ್ ಹಾಲಿನ ವಿಷಯವನ್ನು ಗೊತ್ತುವಳಿಯಾಗಿ ತೆಗೆದುಕೊಳ್ಳಬೇಕೆಂದು ಅಧ್ಯಕ್ಷರನ್ನು ವಿನಂತಿಸುತ್ತೇನೆ.