ಪೊರೆ ತೆಗೆಸಿಕೊಂಡ ಮೇಲೆ



ಕಣ್ಣಿನ ಪೊರೆ ತೆಗೆಸಿಕೊಂಡವರ ಪಾಡು ಹಿಂದೆ ಬಹು ಕಠಿನವಾಗಿತ್ತು. ತಲೆಯ ಎರಡು ಪಕ್ಕದಲ್ಲಿಯೂ ಮರಳಿನ ಚೀಲಗಳನ್ನಿಟ್ಟು, ಕಣ್ಣಿಗೆ ಕಟ್ಟು ಕಟ್ಟಿ, ಅಲುಗಾಡದಂತೆ ದಿನಗಟ್ಟಲೆ ಅಂಗಾತ ಮಲಗಿಸುತ್ತಿದ್ದರು. ಗುಣವಾದ ಮೇಲೂ ದಪ್ಪಗಾಜಿನ ಕನ್ನಡಕವು ತಪ್ಪುತ್ತಿರಲಿಲ್ಲ. 1949ರಲ್ಲಿ ಲಂಡನ್ನಿನ ಹೆರಾಲ್ಡ್ ರಿಡ್ಲೆ ಎಂಬ ವೈದ್ಯರು, ಪೊರೆಗಟ್ಟಿದ ಮಸೂರದ ಸ್ಥಾನದಲ್ಲಿ ಕೃತಕ ಮಸೂರವನ್ನಿಡುವ ಮಾರ್ಗವನ್ನು ತೋರಿಸಿಕೊಟ್ಟರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ನರು, ಪೊರೆಯನ್ನು ಶ್ರವಣಾತೀತ ತರಂಗಗಳಿಂದ ಒಡೆದು, ಕಿರಿದಾದ ರಂಧ್ರದ ಮೂಲಕ ಹೀರಿ ತೆಗೆಯುವ ಕ್ರಮವನ್ನು ಬಳಕೆಗೆ ತಂದರು. ಈಗ ಅನೇಕ ವೇಳೆ ಹೊಲಿಗೆಯೇ ಬೇಕಾಗುವುದಿಲ್ಲ. ಬೆಳಗ್ಗೆ ಹೋದವರು ಸಂಜೆಗೆ ಮನೆ ಸೇರುತ್ತಾರೆ.

ಈ ಸೌಕರ್ಯದಲ್ಲಿಯೇ ಒಂದು ಅಪಾಯವು ಅಡಗಿದೆ. ಹಿಂದೆ ಆಸ್ಪತ್ರೆಯ ದಾದಿಯರು ವಹಿಸುತ್ತಿದ್ದ ಹೊಣೆಯು ಇಂದು ಮನೆಯವರ ಮೇಲೆ ಬಿದ್ದಿದೆ. ನೋವಿಲ್ಲ, ಕಟ್ಟಿಲ್ಲ, ನೋಟವೂ ತಿಳಿಯಾಗಿದೆ. ಆದುದರಿಂದ ಕಣ್ಣಿನಲ್ಲಿ ಗಾಯವಿದೆಯೆಂಬುದೇ ಮರೆತುಹೋಗುತ್ತದೆ. ಆದರೆ ಗಾಯವು ಚೆನ್ನಾಗಿ ಕೂಡಿಕೊಳ್ಳುವುದಕ್ಕೆ ಕೆಲವು ವಾರಗಳಾದರೂ ಬೇಕು.

ಮೊದಲನೆಯದಾಗಿ, ಔಷಧದ ಹನಿಗಳ ವಿಚಾರ. ಹನಿ ಹಾಕುವವರು ಪ್ರತಿಸಾರಿಯೂ ಸೋಪಿನಿಂದ ಕೈ ತೊಳೆಯಬೇಕು. ಶೀಶೆಯ ಮೂತಿಯು ಕಣ್ಣಿಗಾಗಲಿ, ರೆಪ್ಪೆಗಾಗಲಿ ತಗಲಕೂಡದು. ಕೆಳರೆಪ್ಪೆಯನ್ನು ಮೆಲ್ಲನೆ ಕೆಳಗೆಳೆದು ಒಂದು ಹನಿ ಹಾಕಿದರೆ ಸಾಕು. ಎರಡು ಬಗೆಯ ಔಷಧಗಳಿದ್ದರೆ ನಡುವೆ ಐದು ನಿಮಿಷ ಬಿಡಬೇಕು. ಇಲ್ಲದಿದ್ದರೆ ಎರಡನೆಯದು ಮೊದಲನೆಯದನ್ನು ಕೊಚ್ಚಿಕೊಂಡು ಹೋಗುತ್ತದೆ. ಕಣ್ಣು ಹಾಯೆನಿಸಿತೆಂದು ನಡುವೆ ನಿಲ್ಲಿಸುವುದು ಸರಿಯಲ್ಲ. ವೈದ್ಯರು ಹೇಳಿದ ಅವಧಿಯನ್ನು ಪೂರೈಸಬೇಕು.

ಎರಡನೆಯದು ಸ್ನಾನ. ನಮ್ಮಲ್ಲಿ ಹಿರಿಯರಿಗೆ ಅಭ್ಯಂಜನದ ಮೇಲೆ ಆಸೆ ಹೆಚ್ಚು. ಆದರೆ ಎಣ್ಣೆ, ಸೀಗೆಪುಡಿ, ಕೊಳಾಯಿಯ ನೀರು, ಯಾವುದೂ ಗಾಯದ ಕಣ್ಣಿಗೆ ಹಿತವಲ್ಲ. ವೈದ್ಯರ ಅಪ್ಪಣೆಯಾಗುವವರೆಗೆ ಕುತ್ತಿಗೆಯಿಂದ ಕೆಳಗೆ ಮಾತ್ರ ನೀರು ಹಾಕಿಕೊಂಡು, ಮುಖವನ್ನು ಒದ್ದೆಬಟ್ಟೆಯಿಂದ ಒರೆಸಿಕೊಳ್ಳುವುದು ಕ್ಷೇಮ. ನಿದ್ದೆಯಲ್ಲಿ ಕೈ ತಾನಾಗಿ ಕಣ್ಣನ್ನು ಉಜ್ಜುವುದರಿಂದ, ರಾತ್ರಿ ಆಸ್ಪತ್ರೆಯವರು ಕೊಟ್ಟ ಮರೆಯನ್ನು ಧರಿಸಬೇಕು. ಭಾರ ಎತ್ತುವುದನ್ನೂ ಒಲೆಯ ಹೊಗೆಯನ್ನೂ ದೂರವಿಡಬೇಕು. ಓದುವುದರಿಂದ ಕಣ್ಣು ಕೆಡುವುದೆಂಬ ಭಯವು ಮಾತ್ರ ನಿರಾಧಾರವಾದುದು.

ಇನ್ನೊಂದು ಮಾತು ಮನೆಯ ಹಿತೈಷಿಗಳಿಗೆ. ಕಣ್ಣು ಕೆಂಪಾಗಿದೆಯೆಂದು ಹರಳೆಣ್ಣೆಯನ್ನೋ ಎದೆಹಾಲನ್ನೋ ನಂದಿಬಟ್ಟಲು ಹೂವಿನ ರಸವನ್ನೋ ಹಾಕುವುದುಂಟು. ಇದು ಪ್ರೀತಿಯಿಂದಲೇ ಮಾಡುವ ಕೆಲಸ. ಆದರೆ ಅದರೊಡನೆ ಸೇರಿದ ಕ್ರಿಮಿಯು ಕಣ್ಣಿನ ಒಳಹೊಕ್ಕರೆ, ಮರಳಿ ಬಂದ ದೃಷ್ಟಿಯು ಶಾಶ್ವತವಾಗಿ ಹೋಗಬಹುದು.

ಮೊದಲ ದಿನಗಳಲ್ಲಿ ಸ್ವಲ್ಪ ಕರಕರಿಕೆ, ನೀರು ಸುರಿಯುವಿಕೆ ಸಹಜ. ಇವು ದಿನದಿಂದ ದಿನಕ್ಕೆ ಇಳಿಯಬೇಕು. ಹಾಗಲ್ಲದೆ ನೋವು ಏರಿದರೆ, ಕೆಂಪು ಹೆಚ್ಚಿದರೆ, ಕೀವು ಬಂದರೆ, ನೋಟ ಮಂಜಾದರೆ, ಇಲ್ಲವೆ ಮಿಂಚು ಹೊಳೆದಂತೆ, ಪರದೆ ಇಳಿದಂತೆ ಕಂಡರೆ, ಆ ಗಳಿಗೆಯೇ ಆಸ್ಪತ್ರೆಗೆ ಹೊರಡಬೇಕು. ಒಳಗಿನ ಸೋಂಕು ಅಪರೂಪವಾದುದೇ ಹೌದು. ಆದರೆ ಬಂದಾಗ ಅದು ದಿನಗಳಲ್ಲಲ್ಲ, ಗಂಟೆಗಳಲ್ಲಿ ಕೆಡಿಸುತ್ತದೆ.

ಎಷ್ಟೋ ಮನೆಗಳಲ್ಲಿ ಹಿರಿಯರು, ಮಕ್ಕಳಿಗೇಕೆ ತೊಂದರೆಯೆಂದು ನೋವನ್ನು ನುಂಗಿಕೊಂಡು ಬೆಳಗಾಗಲೆಂದು ಕಾಯುತ್ತಾರೆ. ಈ ಒಂದು ಸಂಕೋಚವನ್ನು ಅವರು ಬಿಡಬೇಕು, ಮನೆಯವರೂ ದಿನಕ್ಕೊಮ್ಮೆಯಾದರೂ ತಾವಾಗಿಯೇ, "ಕಣ್ಣು ಹೇಗಿದೆ?" ಎಂದು ಕೇಳಬೇಕು.