ದುಂಡುತಲೆಯವರು

1642ನೆಯ ಇಸವಿಯಲ್ಲಿ ಇಂಗ್ಲೆಂಡಿನ ದೊರೆ ಮೊದಲನೆಯ ಚಾರಲ್ಸನಿಗೂ ಪಾರ್ಲಿಮೆಂಟಿಗೂ ಯುದ್ಧ ಹತ್ತಿತು. ಪಾರ್ಲಿಮೆಂಟಿನ ಪಕ್ಷದವರನ್ನು ಎದುರಾಳಿಗಳು ‘ದುಂಡುತಲೆಯವರು’ ಎಂದು ಹಳಿದರು. ಕೂದಲನ್ನು ಮೋಟಾಗಿ ಕತ್ತರಿಸಿಕೊಂಡು ಲಂಡನ್ನಿನ ಬೀದಿಗಳಲ್ಲಿ ಕೂಗಾಡಿದ, ಕಸುಬು ಕಲಿಯುವ ಹುಡುಗರಿಗೆ ಇಟ್ಟ ಹೆಸರು ಅದು. ಅದನ್ನು ನೆಚ್ಚಿ ಪಕ್ಷವೆಲ್ಲವೂ ಬೀದಿಯ ಗುಂಪೆಂದು ಭಾವಿಸಲಾಗದು. ಅವರ ಮೊದಲ ಸೇನಾಪತಿಯಾದ ಎಸೆಕ್ಸನು ಒಬ್ಬ ಅರ್ಲ್; ನೌಕಾಬಲವನ್ನು ನಡೆಸಿದ ವಾರಿಕನೂ ಅರ್ಲನೇ. ಕ್ರಾಮ್‌ವೆಲ್ಲನ ಚಿತ್ರಪಟಗಳಲ್ಲಿಯಂತೂ ಕೂದಲು ಹೆಗಲವರೆಗೆ ಇಳಿದಿದೆ.

ಇವರ ಅಸಮಾಧಾನ ಬಹುಕಾಲದ್ದು. ದೊರೆಯು 1629ರಿಂದ 1640ರವರೆಗೆ ಪಾರ್ಲಿಮೆಂಟನ್ನು ಕರೆಯದೆಯೇ ಆಳಿದನು. ಅದರ ಒಪ್ಪಿಗೆಯಿಲ್ಲದೆ ‘ಹಡಗಿನ ಹಣ’ವನ್ನು ಎತ್ತಿದನು. ಜಾನ್ ಹ್ಯಾಂಪ್‌ಡನ್ ತನ್ನ ಪಾಲಿನ 20 ಷಿಲಿಂಗುಗಳನ್ನು ಕೊಡಲೊಲ್ಲದೆ ಮೊಕದ್ದಮೆಗೆ ಗುರಿಯಾದನು. 12 ಮಂದಿ ನ್ಯಾಯಾಧೀಶರಲ್ಲಿ 7 ಮಂದಿ ದೊರೆಯ ಕಡೆಗೆ ತೀರ್ಪಿತ್ತರು. 1642ರ ಜನವರಿ 4ರಂದು ದೊರೆಯು ಹ್ಯಾಂಪ್‌ಡನ್ ಮೊದಲಾದ ಐವರು ಸದಸ್ಯರನ್ನು ಹಿಡಿಯಲು ಆಯುಧಪಾಣಿಗಳೊಡನೆ ಕಾಮನ್ಸ್ ಸಭೆಗೇ ಬಂದನು. ಅವರು ಮೊದಲೇ ತಪ್ಪಿಸಿಕೊಂಡಿದ್ದರು.

ಆದರೂ ದೊರೆಯ ಮೇಲೆ ಕತ್ತಿ ಹಿರಿಯುವುದು ರಾಜದ್ರೋಹ. ಇದಕ್ಕೆ ಅವರು ಕಂಡುಕೊಂಡ ಸಮಾಧಾನ ವಿಚಿತ್ರವಾದುದು. ದೊರೆಯ ಅಧಿಕಾರ ಬೇರೆ, ಅವನ ದೇಹ ಬೇರೆ. ದುರ್ಮಂತ್ರಿಗಳ ಕೈಗೆ ಸಿಕ್ಕಿದವನ ಅಧಿಕಾರವನ್ನು ಪಾರ್ಲಿಮೆಂಟು ಕಾಪಾಡಬೇಕು ಎಂದರು. ದೊರೆಯ ದೇಹರಕ್ಷಣೆಯೂ ತಮ್ಮ ಉದ್ದೇಶವೆಂದು ಸಾರಿಯೇ ಅವನ ವಿರುದ್ಧ ಸೇನೆ ಕೂಡಿಸಿದರು. ವಕೀಲರ ಜಾಣತನವೆಂದು ನಾವು ನಗಬಹುದು. ಆ ಮಾತಿನ ಆಸರೆ ಇಲ್ಲದಿದ್ದರೆ ಅವರಲ್ಲಿ ಬಹುಮಂದಿಗೆ ಧೈರ್ಯವೇ ಬರುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

ಅದರ ತೊಡಕು ರಣರಂಗದಲ್ಲಿ ತಿಳಿಯಿತು. 1644ರ ಜುಲೈಯಲ್ಲಿ ಮಾರ್ಸ್ಟನ್ ಮೂರಿನಲ್ಲಿ ದೊಡ್ಡ ಜಯ ಬಂದಿತ್ತು. ಆದರೆ ಅದೇ ನವೆಂಬರಿನ ಸಮಾಲೋಚನೆಯಲ್ಲಿ ಮ್ಯಾಂಚೆಸ್ಟರಿನ ಅರ್ಲನು, ನಾವು ಎಷ್ಟು ಸಲ ಗೆದ್ದರೂ ಅವನು ದೊರೆಯೇ, ನಾವು ಒಮ್ಮೆ ಸೋತರೆ ನಮಗೆಲ್ಲರಿಗೂ ನೇಣು ಎಂದನು. ಹಾಗಾದರೆ ಮೊದಲು ಆಯುಧ ಹಿಡಿದುದೇಕೆಂದು ಕ್ರಾಮ್‌ವೆಲ್ ಕೇಳಿದನು. ಇಬ್ಬರ ಮಾತೂ ನಿಜ. ಮರುವರ್ಷ ಹೊಸ ಮಾದರಿಯ ಸೇನೆ ಏರ್ಪಟ್ಟು ಫೇರ್‌ಫ್ಯಾಕ್ಸನು ಅದರ ಸೇನಾಪತಿಯಾದಾಗ, ಅವನ ಅಧಿಕಾರಪತ್ರದಲ್ಲಿ ದೊರೆಯ ದೇಹರಕ್ಷಣೆಯ ಮಾತನ್ನು ಬಿಟ್ಟರು. ಜೂನ್ 14ರಂದು ನೇಸ್ಬಿಯಲ್ಲಿ ದೊರೆಯ ಬಲ ಮುರಿಯಿತು.

ಗೆದ್ದವರು ಒಡೆದರು. ಬಾಕಿ ಸಂಬಳ ತೀರಿಸದೆ ಸೇನೆಯನ್ನು ಚದರಿಸಲು ಪಾರ್ಲಿಮೆಂಟು ಹವಣಿಸಿತು. ಸಿಪಾಯಿಗಳು ತಮ್ಮ ಪ್ರತಿನಿಧಿಗಳನ್ನು ಆರಿಸಿಕೊಂಡರು. 1647ರ ಅಕ್ಟೋಬರ್ 28ರಂದು ಪಟ್ನಿಯ ಚರ್ಚಿನಲ್ಲಿ ವಾದ ಮೊದಲಾಯಿತು. ತನ್ನ ಸಮ್ಮತಿಯಿಲ್ಲದ ಸರ್ಕಾರಕ್ಕೆ ಕಡುಬಡವನೂ ಬದ್ಧನಲ್ಲವೆಂದು ಕರ್ನಲ್ ರೇನ್ಸ್‌ಬರೋ ಹೇಳಿದನು. ಆಸ್ತಿಯಿಲ್ಲದವನಿಗೆ ಮತವನ್ನಿತ್ತರೆ ಯಾರ ಆಸ್ತಿಯೂ ಉಳಿಯದೆಂದು ಐರ್‌ಟನ್ ಹೇಳಿದನು. ಕ್ಲಾರ್ಕನೆಂಬ ಕಾರ್ಯದರ್ಶಿ ಬರೆದುಕೊಂಡ ಆ ಮಾತುಗಳು 1891ರವರೆಗೂ ಅಚ್ಚಾಗಲಿಲ್ಲ.

ದೊರೆಯು ಹಿಡಿಯಲು ಬಂದ ಐವರಲ್ಲಿ ಒಬ್ಬನಾದ ಡೆನ್ಜಿಲ್ ಹಾಲಿಸನು, 1647ರಲ್ಲಿ ಸೇನೆಯು ಆಪಾದಿಸಿದ ಹನ್ನೊಂದು ಸದಸ್ಯರಲ್ಲಿಯೂ ಒಬ್ಬನು! 1648ರ ಡಿಸೆಂಬರ್ 6ರಂದು ಕರ್ನಲ್ ಪ್ರೈಡ್ ಸಭೆಯ ಬಾಗಿಲಲ್ಲಿ ನಿಂತು ತನ್ನ ಪಕ್ಷಕ್ಕೆ ಒಗ್ಗದವರನ್ನು ತಡೆದನು. ಉಳಿದವರು ದೊರೆಯ ವಿಚಾರಣೆಗೆ ನ್ಯಾಯಪೀಠವನ್ನು ರಚಿಸಿದರು. 1649ರ ಜನವರಿ 30ರಂದು ಅವನ ತಲೆ ಕಡಿಸಿದ ಆಜ್ಞಾಪತ್ರಕ್ಕೆ 59 ಮಂದಿ ರುಜು ಹಾಕಿದ್ದರು. ನ್ಯಾಯಪೀಠಕ್ಕೆ ನೇಮಕವಾಗಿದ್ದ ಫೇರ್‌ಫ್ಯಾಕ್ಸನ ರುಜು ಅದರಲ್ಲಿ ಇರಲಿಲ್ಲ.